ಎಲ್ಲ ತಪ್ಪೂ ‘ಮಿಸ್ಟೇಕ್’ ಅಲ್ಲ

ಜೂನ್ ತಿಂಗಳ ಮೊದಲ ಗಾಳಿಮಳೆಗೆ ತೀರ್ಥಹಳ್ಳಿ, ಹೊಸನಗರದ ಕಡೆ ಕರೆಂಟು ಹೋಗುವುದು ಮಾಮೂಲು. “ಎಲ್ಲೋ ಫಾಲ್ಟ್ ಆಗಿದ್ಯಂತೆ, ಲೈನ್‌ಮನ್ ಹುಡುಕ್ತಾ ಇದಾರೆ” ಅನ್ನುತ್ತಾರೆ. “ಲೈನಲ್ಲಿ ಮಿಸ್ಟೇಕ್ ಆಗಿದೆ” ಎಂದು ಯಾರೂ ಅನ್ನುವುದಿಲ್ಲ. ಮೊಬೈಲಿನಲ್ಲಿ ದುಡ್ಡು ಕಳಿಸಲು ಹೋದರೆ ಬರುವುದು ‘ಎರರ್’. ಪೇಟೆಯಿಂದ ತಂದ ಮಿಕ್ಸಿ ಜಾರು ಮೊದಲ ದಿನವೇ ಸೋರಿದರೆ ಅದು ‘ಡಿಫೆಕ್ಟ್ ಪೀಸು’. ಶಾಲೆಯಲ್ಲಿ ಇಂಗ್ಲಿಷ್ ಕಲಿಯದ ಅಜ್ಜಿಯೂ ಈ ಮೂರನ್ನು ಅದಲುಬದಲು ಮಾಡುವುದಿಲ್ಲ. ಆದರೆ ಇಂಗ್ಲಿಷಿನಲ್ಲಿ ಅರ್ಜಿಯನ್ನೋ ಇ-ಮೇಲನ್ನೋ ಬರೆಯಲು ಕೂತಾಗ ಈ ವಿವೇಕ ಎಲ್ಲೋ ಕಳೆದುಹೋಗುತ್ತದೆ. ಲೆಕ್ಕ ತಪ್ಪಿದ್ದೂ ಮಿಸ್ಟೇಕ್, ಮರೆತದ್ದೂ ಮಿಸ್ಟೇಕ್, ಯಂತ್ರ ಕೆಟ್ಟದ್ದೂ ಮಿಸ್ಟೇಕ್.

ಶಾಲೆಯಲ್ಲಿ ‘ಮಿಸ್ಟೇಕ್ ಅಂದರೆ ತಪ್ಪು’ ಎಂದು ಒಂದಕ್ಕೊಂದು ಗಂಟು ಹಾಕಿ ಕಲಿಸಿದ್ದರಿಂದ ಹೀಗಾಗುತ್ತದೆ. ನಿಜದಲ್ಲಿ ಕನ್ನಡಕ್ಕೆ ಈ ವಿಷಯದಲ್ಲಿ ಬಡತನ ಇಲ್ಲ. ಕೈತಪ್ಪು, ಕಣ್ತಪ್ಪು, ಬಾಯಿತಪ್ಪು, ಮರೆವು, ಲೋಪ, ದೋಷ, ಕುಂದು, ಐಬು, ಎಡವಟ್ಟು, ಪ್ರಮಾದ, ಅಪರಾಧ ಎಲ್ಲ ನಮ್ಮಲ್ಲೇ ಇವೆ. ಇಂಗ್ಲಿಷಿನ ಪದ ಆರಿಸುವ ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ ಪ್ರಶ್ನೆ: ಈ ತಪ್ಪು ಕೂತಿರುವುದು ಎಲ್ಲಿ? ತಿಳಿವಳಿಕೆಯಲ್ಲೋ, ಕೈಯಲ್ಲೋ, ನೆನಪಿನಲ್ಲೋ, ವಸ್ತುವಿನಲ್ಲೋ, ಅಂಕಿಯಲ್ಲೋ, ಹೊಣೆಯಲ್ಲೋ? ಜಾಗ ಗೊತ್ತಾದರೆ ಪದ ತಾನಾಗಿ ಸಿಗುತ್ತದೆ.

ಬರೀ ನಿಘಂಟಿನ ಅರ್ಥ ಹೇಳಿದರೆ ಇದು ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಮಲೆನಾಡಿನ ಅಡಿಕೆ ತೋಟದವರಿಗೆಲ್ಲ ಗೊತ್ತಿರುವ ಒಂದು ಕೆಲಸವನ್ನೇ ಇಟ್ಟುಕೊಂಡು ನೋಡೋಣ. ಅದು ಕೊಳೆ ಔಷಧಿ, ಅಂದರೆ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ.

ಒಂದು ಡ್ರಮ್ಮು ತುತ್ತ-ಸುಣ್ಣ

ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ ಬೇಕಾದದ್ದು 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ ತುತ್ತ ಕರಗಿಸಬೇಕು. ಕಬ್ಬಿಣದ ಪಾತ್ರೆ ಕೂಡದು, ತುತ್ತದಲ್ಲಿರುವ ತಾಮ್ರ ಕಬ್ಬಿಣಕ್ಕೆ ಅಂಟಿಕೊಂಡು ಪಾತ್ರೆಯೂ ಹಾಳು, ಔಷಧಿಯೂ ಹಾಳು. ಇನ್ನೊಂದು ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ ಸುಣ್ಣ ಕಲಸಿ ಸೋಸಬೇಕು. ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕದಡಬೇಕು. ತಿರುಗಾಮುರುಗಾ ಮಾಡಿ ಸುಣ್ಣವನ್ನು ತುತ್ತಕ್ಕೆ ಸುರಿದರೆ ಕಣಗಳು ದಪ್ಪವಾಗಿ ತಳ ಕಚ್ಚುತ್ತವೆ, ಅಡಿಕೆ ಗೊನೆಗೆ ಸರಿಯಾಗಿ ಅಂಟುವುದಿಲ್ಲ, ನಾಝಲ್ ಕಟ್ಟಿಕೊಳ್ಳುತ್ತದೆ. ಕೊನೆಯಲ್ಲಿ ಉಜ್ಜಿ ಹೊಳಪು ಮಾಡಿದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಬೇಕು. ಅಲಗಿನ ಮೇಲೆ ಕೆಂಪು-ಕಂದು ಬಣ್ಣ ಕೂತರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ, ಸುಣ್ಣ ಸಾಲದು ಎಂದರ್ಥ. ಚಾಕು ಬೆಳ್ಳಗೇ ಇದ್ದರೆ ಹೊಡೆಯಬಹುದು. ಕಲಸಿದ ದಿನವೇ ಹೊಡೆದು ಮುಗಿಸಬೇಕು. ಮೊದಲ ಸಲ ಮುಂಗಾರು ಹಿಡಿಯುವ ಮುಂಚೆ, ಎರಡನೆಯದು 40ರಿಂದ 45 ದಿನ ಬಿಟ್ಟು.

ಈ ಕೆಲಸದಲ್ಲಿ ಏನೇನು ತಪ್ಪಬಹುದು?

ತುತ್ತವನ್ನು ಸುಣ್ಣಕ್ಕೆ ಸುರಿಯಬೇಕು ಎಂಬುದು ಒಬ್ಬನಿಗೆ ಚೆನ್ನಾಗಿ ಗೊತ್ತು. ಹತ್ತು ವರ್ಷದಿಂದ ಮಾಡುತ್ತಿದ್ದಾನೆ. ಪಕ್ಕದವನ ಹತ್ತಿರ ಮಾತಾಡುತ್ತ ಬಿಂದಿಗೆ ಎತ್ತಿ ಸುಣ್ಣವನ್ನೇ ತುತ್ತದ ಡ್ರಮ್ಮಿಗೆ ಸುರಿದುಬಿಟ್ಟ. ಇದು ‘ಸ್ಲಿಪ್’. ಉದ್ದೇಶ ಸರಿ, ತಿಳಿವಳಿಕೆ ಸರಿ, ಕೈ ಜಾರಿತು. ನಮ್ಮ ಕೈತಪ್ಪು, ಬಾಯಿತಪ್ಪು ಇದೇ.

ಎರಡನೆಯವನು ಎಲ್ಲ ಸರಿಯಾಗಿ ಕಲಸಿದ. ಚಾಕು ಅದ್ದಿ ನೋಡುವ ಹೊತ್ತಿಗೆ ಒಳಗಿಂದ ಕಾಫಿಗೆ ಕರೆದರು. ಬಂದವನೇ ಪಂಪು ಚಾಲೂ ಮಾಡಿದ, ಚಾಕು ನೆನಪಾಗಲೇ ಇಲ್ಲ. ಇದು ‘ಲ್ಯಾಪ್ಸ್’. ಕೈ ಏನನ್ನೂ ತಪ್ಪಾಗಿ ಮಾಡಲಿಲ್ಲ, ಮಾಡಬೇಕಾದ ಒಂದು ಕೆಲಸ ನೆನಪಿನಿಂದ ಬಿದ್ದುಹೋಯಿತು.

ಮೂರನೆಯವನು ಬೇರೆ ತರಹ. “ತುತ್ತ ಜಾಸ್ತಿ ಹಾಕಿದ್ರೆ ಕೊಳೆ ಹತ್ರಾನೂ ಬರಲ್ಲ” ಎಂದು ನಂಬಿ, ಸುಣ್ಣ ಅಷ್ಟೇ ಇಟ್ಟು, ತುತ್ತವನ್ನು ಒಂದೂವರೆ ಕೆಜಿ ಮಾಡಿದ. ಗಮನ ಕೊಟ್ಟೇ ತೂಗಿದ, ಯಾವುದನ್ನೂ ಮರೆಯಲಿಲ್ಲ, ಅಂದುಕೊಂಡದ್ದನ್ನು ಅಂದುಕೊಂಡ ಹಾಗೆಯೇ ಮಾಡಿದ. ಅಂದುಕೊಂಡದ್ದೇ ತಪ್ಪು. ಬಿಡಿ ತಾಮ್ರ ಎಳೆಗಾಯಿಯನ್ನು ಸುಡುತ್ತದೆ. ಇದು ‘ಮಿಸ್ಟೇಕ್’. ಪದದ ಒಡಲಲ್ಲೇ ಇದು ಇದೆ: ‘ಮಿಸ್’ ಮತ್ತು ‘ಟೇಕ್’, ತಪ್ಪಾಗಿ ತೆಗೆದುಕೊಳ್ಳುವುದು. ನಾವು ‘ತಪ್ಪು ತಿಳಿದುಕೊಂಡೆ’ ಅನ್ನುವಾಗ ಬರುವ ‘ಕೊಳ್ಳು’ ಕೂಡ ಅದೇ ಕೆಲಸ ಮಾಡುತ್ತದೆ.

ನಾಲ್ಕನೆಯವನಿಗೆ ನಿನ್ನೆ ಕಲಸಿದ ದ್ರಾವಣ ಇವತ್ತಿಗೆ ಆಗುವುದಿಲ್ಲ ಎಂದು ಗೊತ್ತಿತ್ತು. ಚೆಲ್ಲಲು ಮನಸ್ಸಾಗದೆ ಹೊಡೆದ. ಇದು ಮೇಲಿನ ಮೂರರಲ್ಲಿ ಯಾವುದೂ ಅಲ್ಲ, ‘ವಯಲೇಷನ್’. ಗೊತ್ತಿದ್ದೂ ಮೀರಿದ್ದನ್ನು ಮಿಸ್ಟೇಕ್ ಎಂದು ಕರೆದುಕೊಳ್ಳುವುದು ಸರಿಯಲ್ಲ.

ಸ್ಲಿಪ್, ಲ್ಯಾಪ್ಸ್, ಮಿಸ್ಟೇಕ್, ವಯಲೇಷನ್ ಎಂಬ ಈ ವಿಂಗಡಣೆಯನ್ನು ವ್ಯವಸ್ಥಿತವಾಗಿ ಮುಂದಿಟ್ಟವರು ಬ್ರಿಟಿಷ್ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್, 1990ರಲ್ಲಿ. ವಿಮಾನಯಾನ, ಆಸ್ಪತ್ರೆ, ಅಣು ವಿದ್ಯುತ್ ಸ್ಥಾವರಗಳ ಸುರಕ್ಷತೆಯಲ್ಲಿ ಇದು ಇಂದಿಗೂ ಬಳಕೆಯಲ್ಲಿದೆ. ಇದನ್ನು ಪಂಡಿತರ ಕೂದಲು ಸೀಳುವ ಕೆಲಸ ಎಂದು ತಳ್ಳಿಹಾಕುವಂತಿಲ್ಲ, ಯಾಕೆಂದರೆ ಒಂದೊಂದಕ್ಕೂ ಮದ್ದು ಬೇರೆ. ಸ್ಲಿಪ್ ಆದವನಿಗೆ ಪಾಠ ಹೇಳಿ ಪ್ರಯೋಜನವಿಲ್ಲ, ಅವನಿಗೆ ಪಾಠ ಬಾಯಿಪಾಠವೇ ಇದೆ. ಬದಲಿಗೆ ಸುಣ್ಣಕ್ಕೆ 200 ಲೀಟರಿನ ದೊಡ್ಡ ಡ್ರಮ್ಮು, ತುತ್ತಕ್ಕೆ 50 ಲೀಟರಷ್ಟೇ ಹಿಡಿಯುವ ಸಣ್ಣ ಡ್ರಮ್ಮು ಇಟ್ಟರೆ ಸಾಕು, ತಿರುಗಾಮುರುಗಾ ಸುರಿಯಲು ಹೋದರೆ ಮೊದಲ ಬಿಂದಿಗೆಗೇ ಉಕ್ಕಿ ಚೆಲ್ಲಿ ಎಚ್ಚರಿಸುತ್ತದೆ. ಲ್ಯಾಪ್ಸ್‌ಗೆ ನೆನಪಿಸುವ ಉಪಾಯ ಬೇಕು: ಚಾಕುವನ್ನು ಪಂಪಿನ ಹಿಡಿಗೇ ಕಟ್ಟಿಟ್ಟರೆ ಅದನ್ನು ಮುಟ್ಟದೆ ಪಂಪು ಚಾಲೂ ಆಗುವುದಿಲ್ಲ. ಮಿಸ್ಟೇಕ್‌ಗೆ ಮಾತ್ರ ತಿಳಿಹೇಳುವುದೇ ದಾರಿ. ಮೂರನೆಯವನಿಗೆ “ಹುಷಾರಾಗಿ ಮಾಡೋ” ಎಂದು ಎಷ್ಟು ಸಲ ಹೇಳಿದರೂ ಅವನು ಒಂದೂವರೆ ಕೆಜಿಯನ್ನೇ ಇನ್ನಷ್ಟು ಹುಷಾರಾಗಿ ತೂಗುತ್ತಾನೆ.

ಮೇಷ್ಟ್ರು ಹೇಳುವ ಎರರ್

ಇಲ್ಲಿ ಒಂದು ತೊಡಕಿದೆ, ಇಂಗ್ಲಿಷ್ ಕಲಿಸುವವರು ಇದನ್ನು ಗಮನಿಸಲೇಬೇಕು. ಭಾಷಾ ಬೋಧನೆಯಲ್ಲಿ ಇವೇ ಪದಗಳು ಬೇರೆ ಕುರ್ಚಿಯಲ್ಲಿ ಕೂತಿವೆ. 1967ರಲ್ಲಿ ಪಿಟ್ ಕಾರ್ಡರ್ ಎಂಬ ಭಾಷಾವಿಜ್ಞಾನಿ ಕಲಿಯುವವರ ತಪ್ಪುಗಳನ್ನು ‘ಎರರ್’ ಮತ್ತು ‘ಮಿಸ್ಟೇಕ್’ ಎಂದು ಎರಡಾಗಿ ಒಡೆದರು. ನಿಯಮ ಗೊತ್ತಿದ್ದೂ ಅವಸರಕ್ಕೋ ಆಯಾಸಕ್ಕೋ ಆದದ್ದು ಮಿಸ್ಟೇಕ್. ನಿಯಮವೇ ಇನ್ನೂ ತಲೆಗೆ ಹೋಗಿಲ್ಲದೆ ಪ್ರತಿಸಲವೂ ಒಂದೇ ರೀತಿ ಆಗುವುದು ಎರರ್. ಅಂದರೆ ರೀಸನ್ ಯಾವುದನ್ನು ಸ್ಲಿಪ್ ಅನ್ನುತ್ತಾರೋ ಕಾರ್ಡರ್ ಅದನ್ನು ಮಿಸ್ಟೇಕ್ ಅನ್ನುತ್ತಾರೆ. ರೀಸನ್ನರ ಲೆಕ್ಕದಲ್ಲಿ ಮಿಸ್ಟೇಕ್ ಬೇರಿಗೆ ಹತ್ತಿದ್ದು, ಕಾರ್ಡರ್ ಲೆಕ್ಕದಲ್ಲಿ ಎಲೆಗೆ ಹತ್ತಿದ್ದು. ಎರಡೂ ಸರಿ, ಕ್ಷೇತ್ರ ಬೇರೆ. ಓದುತ್ತಿರುವುದು ಸುರಕ್ಷತೆಯ ಕೈಪಿಡಿಯೋ ಶಿಕ್ಷಣದ ಪುಸ್ತಕವೋ ಎಂದು ಮೊದಲು ನೋಡಿಕೊಳ್ಳದಿದ್ದರೆ ಅರ್ಥ ಪೂರ್ತಿ ತಲೆಕೆಳಗಾಗುತ್ತದೆ.

ತರಗತಿಯಲ್ಲಿ ಪರೀಕ್ಷಿಸುವುದು ಸುಲಭ. ಉತ್ತರಪತ್ರಿಕೆಯನ್ನು ತಿದ್ದದೆ ಹುಡುಗನ ಕೈಗೆ ವಾಪಸು ಕೊಟ್ಟು “ಇನ್ನೊಂದ್ಸಲ ಓದು” ಅನ್ನಿ. ತಾನೇ ಕಂಡುಹಿಡಿದು ಸರಿಮಾಡಿದರೆ ಮಿಸ್ಟೇಕ್, ಬಿಟ್ಟುಬಿಡಬಹುದು. ನಾಲ್ಕು ಸಲ ಓದಿಯೂ ಅಲ್ಲಿ ತಪ್ಪಿದೆ ಎಂದೇ ಕಾಣದಿದ್ದರೆ ಎರರ್, ಅದನ್ನು ಹೊಸದಾಗಿ ಕಲಿಸಬೇಕು. ಕನ್ನಡ ಮಾತಾಡುವ ಬಹಳ ಜನರಲ್ಲಿ ಇರುವ ಒಂದು ಎರರ್ ಈ ವಿಷಯಕ್ಕೇ ಸೇರಿದ್ದು: ‘ಐ ಡಿಡ್ ಎ ಮಿಸ್ಟೇಕ್’. ‘ತಪ್ಪು ಮಾಡಿದೆ’ ಎಂಬುದರ ‘ಮಾಡು’ ನೇರವಾಗಿ ಇಂಗ್ಲಿಷಿಗೆ ಹೋಗಿ ಕೂತಿದೆ. ಇಂಗ್ಲಿಷಿನಲ್ಲಿ ಮಿಸ್ಟೇಕನ್ನು ‘ಮೇಕ್’ ಮಾಡುತ್ತಾರೆ, ‘ಡು’ ಮಾಡುವುದಿಲ್ಲ. ಎರರ್‌ಗೆ ‘ಮೇಕ್’ ಆಗುತ್ತದೆ, ಗಂಭೀರ ಬರವಣಿಗೆಯಲ್ಲಿ ‘ಕಮಿಟ್’ ಕೂಡ ಆಗುತ್ತದೆ. ‘ಡು’ ಜೊತೆ ಹೋಗುವುದು ‘ರಾಂಗ್’. ಆದರೆ ‘ಐ ಹ್ಯಾವ್ ಡನ್ ರಾಂಗ್’ ಅಂದರೆ ಲೆಕ್ಕ ತಪ್ಪಿತು ಎಂದಲ್ಲ, ಧರ್ಮ ತಪ್ಪಿ ನಡೆದೆ ಎಂದು. ಕೂಡುವ ಲೆಕ್ಕ ತಪ್ಪಿದ್ದಕ್ಕೆ ಇದನ್ನು ಬರೆದರೆ ಓದುವವರು ಗಾಬರಿಯಾಗುತ್ತಾರೆ.

ಯಾರ ತಪ್ಪೂ ಅಲ್ಲದ ಎರರ್

ಲ್ಯಾಟಿನ್ನಿನಲ್ಲಿ ಎರರ್‌ನ ಮೂಲ ಅರ್ಥ ಅಲೆಯುವುದು, ದಾರಿ ಬಿಡುವುದು. ನಮ್ಮ ‘ತಪ್ಪು’ ಕ್ರಿಯಾಪದವೂ ಹಾಗೆಯೇ: ದಾರಿ ತಪ್ಪಿತು, ಬಸ್ಸು ತಪ್ಪಿತು, ಮಾತು ತಪ್ಪಿದ, ಗುರಿ ತಪ್ಪಿತು. ಇರಬೇಕಾದ ಜಾಗದಿಂದ ಎಷ್ಟು ಆಚೆ ಬಿತ್ತು ಎಂಬುದಷ್ಟೇ ಅಲ್ಲಿ ಮುಖ್ಯ. ಅಳತೆಯ ವಿಜ್ಞಾನದಲ್ಲಿ ಎರರ್ ಎಂದರೆ ಇಷ್ಟೇ: ಅಳೆದು ಬಂದ ಅಂಕಿಗೂ ನಿಜವಾದ ಅಂಕಿಗೂ ಇರುವ ವ್ಯತ್ಯಾಸ. ಅದರಲ್ಲಿ ಯಾರ ಮೇಲೂ ದೂರಿಲ್ಲ.

ಆಗುಂಬೆಯಂಥ ಜಾಗದಲ್ಲಿ ಮಳೆಮಾಪಕ ಇಟ್ಟಿದ್ದಾರೆ ಅನ್ನಿ. ಗಾಳಿ ಜೋರಾದಾಗ ಹನಿಗಳು ಓರೆಯಾಗಿ ಹಾರಿ ಮಾಪಕದ ಬಾಯಿಗೆ ಬೀಳಬೇಕಾದಷ್ಟು ಬೀಳುವುದಿಲ್ಲ, ಅಂಕಿ ಕಡಿಮೆ ಬರುತ್ತದೆ. ಓದುವವರು ಎಷ್ಟೇ ನಿಷ್ಠೆಯಿಂದ ಓದಿದರೂ ಎರರ್ ಅಲ್ಲಿ ಇದ್ದೇ ಇರುತ್ತದೆ. ಅದನ್ನು ಮಿಸ್ಟೇಕ್ ಅಂದರೆ ಅನ್ಯಾಯ. ಅಳತೆಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿಯದೆ ಮೇಲಿಂದ ನೋಡಿ ಓದಿದರೆ ಬರುವುದೂ ಎರರ್, ಆದರೆ ಹಾಗೆ ಓದಿದರೂ ನಡೆಯುತ್ತದೆ ಎಂದುಕೊಂಡದ್ದು ಮಿಸ್ಟೇಕ್.

ಮತ್ತೆ ತುತ್ತದ ತಕ್ಕಡಿಗೆ ಬರೋಣ. ತಕ್ಕಡಿ 950 ಗ್ರಾಮನ್ನು 1 ಕೆಜಿ ಎಂದು ತೋರಿಸುತ್ತಿದ್ದರೆ ಪ್ರತಿ ಡ್ರಮ್ಮಿಗೂ 50 ಗ್ರಾಂ ಕಡಿಮೆ. ಇದು ‘ಸಿಸ್ಟಮ್ಯಾಟಿಕ್ ಎರರ್’, ಯಾವಾಗಲೂ ಒಂದೇ ದಿಕ್ಕಿಗೆ ಎಳೆಯುತ್ತದೆ. ಹತ್ತು ಸಲ ತೂಗಿ ಸರಾಸರಿ ತೆಗೆದರೂ ಹತ್ತು ಸಲವೂ ಅದೇ ಸುಳ್ಳು. ಮುದ್ರೆ ಬಿದ್ದ ತೂಕದ ಬಟ್ಟನ್ನು ಇಟ್ಟು ನೋಡಿದರೆ ಮಾತ್ರ ಸಿಕ್ಕಿಬೀಳುತ್ತದೆ. ಇನ್ನೊಂದು ತಕ್ಕಡಿ ಒಮ್ಮೆ 10 ಗ್ರಾಂ ಹೆಚ್ಚು, ಒಮ್ಮೆ 10 ಗ್ರಾಂ ಕಡಿಮೆ ತೋರಿಸುತ್ತದೆ. ಅದು ‘ರ‍್ಯಾಂಡಮ್ ಎರರ್’, ಅಲ್ಲಿ ಸರಾಸರಿ ಕೆಲಸಕ್ಕೆ ಬರುತ್ತದೆ.

ವಸ್ತುವಿನೊಳಗೆ ಕೂತದ್ದು

ಈಗ ಫಾಲ್ಟ್, ಡಿಫೆಕ್ಟ್, ಫೇಲ್ಯೂರ್. ಇವು ಮನುಷ್ಯನನ್ನು ಬಿಟ್ಟು ವಸ್ತುವಿಗೆ ಬಂದವು. ಸಾಫ್ಟ್‌ವೇರ್ ಪರೀಕ್ಷಿಸುವವರು ಈ ಸರಪಳಿಯನ್ನು ಬಹಳ ಚೊಕ್ಕವಾಗಿ ಇಟ್ಟುಕೊಂಡಿದ್ದಾರೆ: ಮನುಷ್ಯ ಮಾಡುವುದು ಎರರ್, ಅದರಿಂದ ಕೋಡಿನೊಳಗೆ ಉಳಿಯುವುದು ಡಿಫೆಕ್ಟ್ ಅಥವಾ ಫಾಲ್ಟ್, ಅದು ಹೊರಗೆ ಕಾಣಿಸಿಕೊಂಡು ಕೆಲಸ ಕೆಟ್ಟಾಗ ಫೇಲ್ಯೂರ್. ಈ ಡಿಫೆಕ್ಟಿಗೇ ಆಡುಮಾತಿನ ಹೆಸರು ‘ಬಗ್’. 1947ರಲ್ಲಿ ಹಾರ್ವರ್ಡಿನ ಮಾರ್ಕ್-2 ಗಣಕಯಂತ್ರದ ರಿಲೇ ಎಂಬ ವಿದ್ಯುತ್ ಸ್ವಿಚ್ಚಿನಲ್ಲಿ ಪತಂಗವೊಂದು ಸಿಕ್ಕಿ, ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿಟ್ಟದ್ದು ಪ್ರಸಿದ್ಧ. ಆದರೆ ಬಗ್ ಪದ ಹುಟ್ಟಿದ್ದು ಅಲ್ಲಿಂದಲ್ಲ, ಎಡಿಸನ್ 1878ರಷ್ಟು ಹಿಂದೆಯೇ ಯಂತ್ರದ ಸಣ್ಣ ತೊಂದರೆಗಳಿಗೆ ಅದನ್ನು ಬಳಸಿದ್ದರು.

ಡ್ರಮ್ಮಿನ ಲೆಕ್ಕದಲ್ಲಿ ನೋಡಿ. ತುತ್ತ ತೂಗುವಾಗ ಅರ್ಧ ಕೆಜಿಯನ್ನೇ ಒಂದು ಕೆಜಿ ಎಂದು ಓದಿದ್ದು ಎರರ್. ಡ್ರಮ್ಮಿನೊಳಗೆ ತೆಳುವಾದ ಔಷಧಿ ತುಂಬಿರುವುದು ಡಿಫೆಕ್ಟ್. ಆಗಸ್ಟಿನಲ್ಲಿ ಅಡಿಕೆ ಕೊಳೆತು ಮರದ ಬುಡಕ್ಕೆ ಉದುರುವುದು ಫೇಲ್ಯೂರ್. ಆ ವರ್ಷ ಮಳೆ ನಡುನಡುವೆ ಬಿಡುವು ಕೊಟ್ಟು ಬಿಸಿಲು ಬಿದ್ದರೆ ತೆಳು ಔಷಧಿ ಹೊಡೆದ ತೋಟದಲ್ಲೂ ಕೊಳೆ ಏಳದೇ ಇರಬಹುದು. ಡಿಫೆಕ್ಟ್ ಇತ್ತು, ಫೇಲ್ಯೂರ್ ಆಗಲಿಲ್ಲ. ಎಷ್ಟೋ ಜನ ಇದನ್ನು ನೋಡಿ “ಅರ್ಧ ಕೆಜಿನೇ ಸಾಕು” ಎಂಬ ತೀರ್ಮಾನಕ್ಕೆ ಬರುತ್ತಾರೆ, ಅಲ್ಲಿಗೆ ಒಂದು ಎರರ್ ಮುಂದಿನ ವರ್ಷದ ಮಿಸ್ಟೇಕ್ ಆಗುತ್ತದೆ. ಹಾಗೆಯೇ ಫೇಲ್ಯೂರ್ ಕಂಡ ಕೂಡಲೇ ಮನುಷ್ಯನ ತಪ್ಪೇ ಇರಬೇಕೆಂದೂ ಇಲ್ಲ. ಸುಣ್ಣವೇ ಹಳೆಯದಾಗಿ ಗಾಳಿಗೆ ಕೆಟ್ಟು ಸತ್ತ್ವ ಕಳೆದುಕೊಂಡಿದ್ದರೆ ಡಿಫೆಕ್ಟ್ ಇರುವುದು ಚೀಲದಲ್ಲಿ. ಚಾಕು ಅದ್ದುವುದು ಇದಕ್ಕೇ, 1 ಕೆಜಿ ತೂಗಿದ್ದೇವೆ ಎಂಬ ನೆಮ್ಮದಿ ಸಾಲುವುದಿಲ್ಲ.

ಫಾಲ್ಟಿಗೂ ಡಿಫೆಕ್ಟಿಗೂ ಇರುವ ಸೂಕ್ಷ್ಮ ಇಷ್ಟು: ಡಿಫೆಕ್ಟ್ ಎಂದರೆ ವಸ್ತುವಿನ ಗುಣಮಟ್ಟದಲ್ಲೇ ಇರುವ ಕೊರತೆ, ಸಾಮಾನ್ಯವಾಗಿ ತಯಾರಾಗುವಾಗಲೇ ಸೇರಿಕೊಂಡದ್ದು. ಫಾಲ್ಟ್ ಚೆನ್ನಾಗಿ ನಡೆಯುತ್ತಿದ್ದದ್ದರಲ್ಲೂ ಆಮೇಲೆ ಬರಬಹುದು. ಒಳ್ಳೆಯ ತಂತಿಯ ಮೇಲೆ ಹಲಸಿನ ಕೊಂಬೆ ಬಿದ್ದರೆ ತಂತಿಗೆ ಡಿಫೆಕ್ಟ್ ಇಲ್ಲ, ಲೈನಿಗೆ ಫಾಲ್ಟ್ ಬಂತು, ಮನೆಯಲ್ಲಿ ಪವರ್ ಫೇಲ್ಯೂರ್ ಆಯಿತು. ಮಳೆಗಾಲಕ್ಕೆ ಮೊದಲು ಆ ಕೊಂಬೆ ಕಡಿಯದೆ ಉಳಿದಿದ್ದರೆ ಅದು ‘ಒಮಿಷನ್’, ನಮ್ಮ ಲೋಪ. ‘ಫ್ಲಾ’ ಇವೆಲ್ಲಕ್ಕಿಂತ ನಾಜೂಕು: ಉಳಿದಂತೆ ಗಟ್ಟಿಯಾಗಿರುವುದರಲ್ಲಿ ಒಂದು ಬಿರುಕು, ಒಂದು ಐಬು. ವಜ್ರಕ್ಕೂ ವಾದಕ್ಕೂ ಯೋಜನೆಗೂ ಫ್ಲಾ ಇರುತ್ತದೆ. ಇಡೀ ಊರಿನ ತೋಟಕ್ಕೆ ಮರ ಹತ್ತಿ ಔಷಧಿ ಹೊಡೆಯುವ ಒಬ್ಬನೇ ಕೊನೆಗೌಡನನ್ನು ನಂಬಿ ಎರಡನೇ ಸಲದ ಔಷಧಿಗೆ ದಿನ ಗೊತ್ತುಮಾಡಿದರೆ ಆ ಯೋಜನೆಯಲ್ಲೇ ಫ್ಲಾ ಇದೆ.

ವಾರಂಟಿ ಚೀಟಿ ಓದುವಾಗ ಈ ವ್ಯತ್ಯಾಸಕ್ಕೆ ದುಡ್ಡಿನ ಬೆಲೆ ಬರುತ್ತದೆ. ಕಂಪನಿಗಳು ಸಾಮಾನ್ಯವಾಗಿ ಒಪ್ಪಿಕೊಳ್ಳುವುದು ‘ಮ್ಯಾನುಫ್ಯಾಕ್ಚರಿಂಗ್ ಡಿಫೆಕ್ಟ್’ ಮಾತ್ರ. ಸಿಡಿಲಿಗೆ ಸುಟ್ಟ ಮೋಟಾರಿನ ಬಗ್ಗೆ ‘ದ ಮೋಟರ್ ಈಸ್ ಫಾಲ್ಟಿ’ ಎಂದಷ್ಟೇ ಬರೆದರೆ ಉತ್ತರ ಸಿಗುವುದು ಕಷ್ಟ. ಗ್ರಾಹಕ ರಕ್ಷಣಾ ಕಾಯ್ದೆ 2019ರಲ್ಲಿ ಸರಕಿಗೆ ‘ಡಿಫೆಕ್ಟ್’, ಸೇವೆಗೆ ‘ಡಿಫಿಶಿಯನ್ಸಿ’ ಎಂದು ಬೇರೆ ಬೇರೆ ವ್ಯಾಖ್ಯೆ ಇದೆ, ಕನ್ನಡದಲ್ಲಿ ದೋಷ ಮತ್ತು ನ್ಯೂನತೆ. ತಂದ ಸ್ಪ್ರೇಯರ್ ಒಡೆದದ್ದೇ ಬಂದರೆ ದೋಷ, ರಿಪೇರಿಗೆ ಕೊಟ್ಟದ್ದನ್ನು ಆರು ತಿಂಗಳು ಸುಮ್ಮನೆ ಇಟ್ಟುಕೊಂಡರೆ ಸೇವಾ ನ್ಯೂನತೆ. ಗ್ರಾಹಕ ಆಯೋಗಕ್ಕೆ ದೂರು ಬರೆಯುವಾಗ ಎರಡನ್ನೂ ಮಿಸ್ಟೇಕ್ ಎಂದು ಬರೆದರೆ ದೂರಿನ ಬಲವೇ ಕುಗ್ಗುತ್ತದೆ.

ಹೊಣೆ ಯಾರದು

ಫಾಲ್ಟಿಗೆ ಇನ್ನೊಂದು ಮುಖವಿದೆ, ಹೊಣೆ. ‘ಇಟ್ ವಾಸ್ ಮೈ ಮಿಸ್ಟೇಕ್’ ಅಂದರೆ ನಾನು ತಪ್ಪು ತಿಳಿದು ಮಾಡಿದೆ. ‘ಇಟ್ ವಾಸ್ ಮೈ ಫಾಲ್ಟ್’ ಅಂದರೆ ಆದದ್ದಕ್ಕೆ ಹೊಣೆ ನನ್ನದು. ಎರಡೂ ಒಟ್ಟಿಗೇ ಇರಬೇಕೆಂದಿಲ್ಲ. ಪೊಟ್ಟಣದ ಮೇಲೆ ಪ್ರಮಾಣವನ್ನೇ ತಪ್ಪು ಅಚ್ಚು ಮಾಡಿದ್ದರೆ, ಅದನ್ನು ನಂಬಿ ಕಲಸಿದವನಿಗೆ ಮಿಸ್ಟೇಕ್ ಆಗಿದೆ, ಫಾಲ್ಟ್ ಅವನದಲ್ಲ. ನಿನ್ನೆಯ ದ್ರಾವಣವನ್ನು ಗೊತ್ತಿದ್ದೂ ಹೊಡೆದವನಲ್ಲಿ ಮಿಸ್ಟೇಕ್ ಇಲ್ಲ, ಫಾಲ್ಟ್ ಪೂರ್ತಿ ಇದೆ. ಇಲ್ಲೇ ‘ದ’ ಎಂಬ ಪುಟ್ಟ ಪದದ ಮಹಿಮೆ ನೋಡಿ: ಲೈನ್‌ಮನ್ ಮಳೆಯಲ್ಲಿ ನೆನೆಯುತ್ತ ಮಾಡುವುದು ‘ಫೈಂಡ್ ದ ಫಾಲ್ಟ್’. ಇನ್ನೊಬ್ಬರು ಏನು ಮಾಡಿದರೂ ಕೊಂಕು ತೆಗೆಯುವುದು ‘ಫೈಂಡ್ ಫಾಲ್ಟ್’.

ಕಾನೂನು ಮಿಸ್ಟೇಕನ್ನು ಅದರ ಮೂಲ ಅರ್ಥದಲ್ಲೇ, ತಪ್ಪು ತಿಳಿವಳಿಕೆ ಎಂದೇ ಹಿಡಿದಿದೆ. 1872ರ ಭಾರತೀಯ ಕರಾರು ಕಾಯ್ದೆಯ 20ನೇ ಕಲಮಿನ ಪ್ರಕಾರ ಕರಾರಿಗೆ ಮುಖ್ಯವಾದ ಸಂಗತಿಯೊಂದರ ಬಗ್ಗೆ ಇಬ್ಬರೂ ತಪ್ಪು ತಿಳಿದಿದ್ದರೆ ಕರಾರು ಅನೂರ್ಜಿತ. ಕಾಯ್ದೆಯೇ ಕೊಡುವ ಉದಾಹರಣೆಯಲ್ಲಿ ಕುದುರೆಯ ಮಾರಾಟದ ಮಾತು ನಡೆಯುವಾಗ, ಇಬ್ಬರಿಗೂ ಗೊತ್ತಿಲ್ಲದೆ ಕುದುರೆ ಸತ್ತುಹೋಗಿರುತ್ತದೆ. ಒಬ್ಬನೇ ತಪ್ಪು ತಿಳಿದಿದ್ದರೆ ಅಷ್ಟಕ್ಕೇ ಕರಾರು ಮುರಿಯುವುದಿಲ್ಲ ಎನ್ನುತ್ತದೆ 22ನೇ ಕಲಮು.

‘ಬ್ಲಂಡರ್’ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕಣ್ಣೆದುರೇ ಇದ್ದದ್ದನ್ನು ಕಾಣದೆ ಮಾಡಿದ ದೊಡ್ಡ ಎಡವಟ್ಟು ಅದು. ಚದುರಂಗದ ಬರಹಗಳಲ್ಲಿ ತಪ್ಪು ನಡೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ, ಬ್ಲಂಡರಿಗೆ ಎರಡು. ಮಳೆ ಬಿಟ್ಟ ಮೇಲೆ ಹೊಡೆದರಾಯಿತು ಎಂದು ಮೊದಲ ಔಷಧಿಯನ್ನು ಜುಲೈವರೆಗೆ ಮುಂದೂಡುವುದಕ್ಕೆ ಎರಡು ಚಿಹ್ನೆ ಹಾಕಬಹುದು. ಜನ ‘ಹಿಮಾಲಯನ್ ಬ್ಲಂಡರ್’ ಅನ್ನುವುದನ್ನು ಕೇಳಿರುತ್ತೀರಿ. 1919ರಲ್ಲಿ, ಜನ ಸಿದ್ಧರಾಗುವ ಮೊದಲೇ ಕಾನೂನುಭಂಗಕ್ಕೆ ಕರೆ ಕೊಟ್ಟದ್ದರ ಬಗ್ಗೆ ಗಾಂಧೀಜಿಯ ಆತ್ಮಕಥೆಯ ಇಂಗ್ಲಿಷ್ ಅನುವಾದದಲ್ಲಿ ಇರುವುದು ಹಿಮಾಲಯನ್ ‘ಮಿಸ್‌ಕ್ಯಾಲ್ಕ್ಯುಲೇಷನ್’. ಜನರ ಸಿದ್ಧತೆಯನ್ನು ಅಳೆದದ್ದು ತಪ್ಪಿತು ಎಂದು ಜಾಗ ತೋರಿಸಿ ಹೇಳುವ ಪದ ಅದು, ಬ್ಲಂಡರಿಗಿಂತ ಎಷ್ಟೋ ಖಚಿತ.

‘ಓವರ್‌ಸೈಟ್’ ಬಳಸುವಾಗ ಮಾತ್ರ ಎಚ್ಚರ ಬೇಕು. ಅದಕ್ಕೆ ಕಣ್ತಪ್ಪು ಎಂಬ ಅರ್ಥವೂ ಇದೆ, ಮೇಲ್ವಿಚಾರಣೆ ಎಂಬ ಅರ್ಥವೂ ಇದೆ. ‘ಡ್ಯೂ ಟು ಆನ್ ಓವರ್‌ಸೈಟ್’ ಅಂದರೆ ಕಣ್ತಪ್ಪಿನಿಂದ. ‘ಅಂಡರ್ ದ ಓವರ್‌ಸೈಟ್ ಆಫ್’ ಅಂದರೆ ಇಂಥವರ ಉಸ್ತುವಾರಿಯಲ್ಲಿ.

ಪಹಣಿಯಲ್ಲೋ ಅಂಕಪಟ್ಟಿಯಲ್ಲೋ ಹೆಸರಿನ ಒಂದಕ್ಷರ ಬಿಟ್ಟುಹೋಗಿ ಇಂಗ್ಲಿಷಿನಲ್ಲಿ ಅರ್ಜಿ ಬರೆಯಬೇಕಾಗಿ ಬಂದರೆ ‘ಯು ಹ್ಯಾವ್ ಡನ್ ಎ ಮಿಸ್ಟೇಕ್’ ಎಂದು ಬರೆಯಬೇಡಿ. ವ್ಯಾಕರಣವೂ ತಪ್ಪು, ಬೆರಳು ತೋರಿಸಿದ ಹಾಗೂ ಆಯಿತು. ಇದಕ್ಕೆ ನ್ಯಾಯಾಲಯಗಳೇ ಹದವಾದ ಭಾಷೆ ಇಟ್ಟುಕೊಂಡಿವೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 152ನೇ ಕಲಮು ತೀರ್ಪಿನಲ್ಲಿ ಉಳಿದ ಬರಹದ, ಲೆಕ್ಕದ ಮಿಸ್ಟೇಕುಗಳನ್ನೂ, ಆಕಸ್ಮಿಕ ಸ್ಲಿಪ್ ಅಥವಾ ಒಮಿಷನ್ನಿನಿಂದ ಆದ ಎರರುಗಳನ್ನೂ ಯಾವಾಗ ಬೇಕಾದರೂ ತಿದ್ದಬಹುದು ಎನ್ನುತ್ತದೆ. ಒಂದೇ ವಾಕ್ಯದಲ್ಲಿ ನಾಲ್ಕು ಪದ, ನಾಲ್ಕೂ ತಂತಮ್ಮ ಜಾಗದಲ್ಲಿ. ನಿಮ್ಮ ಅರ್ಜಿಗೆ ‘ದೇರ್ ಈಸ್ ಎ ಕ್ಲೆರಿಕಲ್ ಎರರ್ ಇನ್ ದ ಸ್ಪೆಲಿಂಗ್ ಆಫ್ ಮೈ ನೇಮ್’ ಎಂದರೆ ಸಾಕು. ಅದರ ಕೆಳಗೆ ಈಗಿರುವ ಹೆಸರು ಒಂದು ಸಾಲಿನಲ್ಲಿ, ಇರಬೇಕಾದ ಹೆಸರು ಇನ್ನೊಂದು ಸಾಲಿನಲ್ಲಿ.